ಎರಡು ಲೆಕ್ಕದ ಪುಸ್ತಕಗಳು: ಸೋವಿಯತ್ ತಿಮಿಂಗಿಲ ಬೇಟೆಯ ಸುಳ್ಳು ವರದಿಗಳ ಪ್ರಕರಣ ಅಧ್ಯಯನ

1946ರ ಡಿಸೆಂಬರ್ 2ರಂದು ವಾಷಿಂಗ್ಟನ್‌ನಲ್ಲಿ ಸಹಿಯಾದ ತಿಮಿಂಗಿಲ ಬೇಟೆ ನಿಯಂತ್ರಣ ಒಪ್ಪಂದವು ವರದಿ ಮಾಡುವ ಕೆಲಸವನ್ನು ಸದಸ್ಯ ಸರ್ಕಾರಗಳ ಕೈಗೇ ಒಪ್ಪಿಸಿತು. ಅದರ ಏಳನೆಯ ವಿಧಿಯ ಪ್ರಕಾರ ಪ್ರತಿಯೊಂದು ಸರ್ಕಾರ ತನ್ನ ಬೇಟೆಯ ಅಂಕಿಅಂಶಗಳನ್ನು ತಡಮಾಡದೆ ನಾರ್ವೆಯ ಸಾಂಡೆಫ್ಯೋರ್ಡ್ ಪಟ್ಟಣದಲ್ಲಿದ್ದ ಅಂತರರಾಷ್ಟ್ರೀಯ ಅಂಕಿಅಂಶ ಕಚೇರಿಗೆ ತಲುಪಿಸಬೇಕಿತ್ತು. ಎಂಟನೆಯ ವಿಧಿಯ ಪ್ರಕಾರ ತಿಮಿಂಗಿಲಗಳ ಬಗ್ಗೆ ತನ್ನ ಬಳಿ ಇರುವ ವೈಜ್ಞಾನಿಕ ಮಾಹಿತಿಯನ್ನು, ಸಾಧ್ಯವಾದ ಮಟ್ಟಿಗೆ, ವರ್ಷಕ್ಕೊಮ್ಮೆಯಾದರೂ ಈ ಒಪ್ಪಂದದಡಿ ರಚನೆಯಾದ ಅಂತರರಾಷ್ಟ್ರೀಯ ತಿಮಿಂಗಿಲ ಬೇಟೆ ಆಯೋಗ (ಮುಂದೆ 'ಆಯೋಗ') ಸೂಚಿಸಿದ ಸಂಸ್ಥೆಗೆ ಕೊಡಬೇಕಿತ್ತು. ನಿಯಮ ಮುರಿದ ತನ್ನ ಪ್ರಜೆಗಳನ್ನು ಶಿಕ್ಷಿಸುವ ಹೊಣೆಯನ್ನು ಒಂಬತ್ತನೆಯ ವಿಧಿ ಅದೇ ಸರ್ಕಾರಕ್ಕೆ ವಹಿಸಿತು. ಹಡಗಿನಲ್ಲಿ ತಪಾಸಣೆ ಮಾಡುವ ಇನ್‌ಸ್ಪೆಕ್ಟರ್‌ಗಳು ಕೂಡ ಆ ಸರ್ಕಾರದ ಸಂಬಳ ಪಡೆಯುವವರೇ ಆಗಿದ್ದರು. ಬೇಟೆಯಾಡುವುದು, ಲೆಕ್ಕ ಬರೆಯುವುದು, ಆ ಲೆಕ್ಕವನ್ನು ಪರೀಕ್ಷಿಸುವುದು, ತಪ್ಪಿದವರಿಗೆ ದಂಡ ಹಾಕುವುದು ಎಲ್ಲವೂ ಒಂದೇ ಆಡಳಿತದ ಕೈಯಲ್ಲಿದ್ದ ಈ ಏರ್ಪಾಡಿನಲ್ಲಿ ಬೇಲಿಯೇ ಎದ್ದು ಹೊಲ ಮೇಯ್ದರೆ ಕೇಳುವವರು ಯಾರೂ ಇರಲಿಲ್ಲ.

ಸೋವಿಯತ್ ಒಕ್ಕೂಟ ಈ ಒಪ್ಪಂದಕ್ಕೆ ಮೊದಲಿನಿಂದಲೂ ಸಹಿ ಹಾಕಿದ್ದ ದೇಶ. 1940ರ ದಶಕದ ಕೊನೆಯಿಂದ 1970ರ ದಶಕದವರೆಗೆ ಅದು ಆಯೋಗಕ್ಕೆ ಕಳುಹಿಸಿದ ಬೇಟೆಯ ವರದಿಗಳು ಯೋಜಿತವಾಗಿ ತಿದ್ದಿದವಾಗಿದ್ದವು ಎಂಬ ಸಂಗತಿ 1993ರಲ್ಲಿ ರಷ್ಯಾದ ವಿಜ್ಞಾನಿಗಳ ಬಾಯಿಂದಲೇ ಹೊರಬಂತು. ನಂತರದ ಎರಡು ದಶಕಗಳ ಶೋಧನೆಯ ಬಳಿಕ ಸಿಕ್ಕ ಅಂದಾಜಿನಂತೆ ಸೋವಿಯತ್ ಹಡಗುಗಳು ಜಗತ್ತಿನ ಸಾಗರಗಳಲ್ಲಿ ಕೊಂದ ತಿಮಿಂಗಿಲಗಳು ಸುಮಾರು 5.34 ಲಕ್ಷ, ಅವುಗಳಲ್ಲಿ ಸುಮಾರು 1.79 ಲಕ್ಷ ತಿಮಿಂಗಿಲಗಳು ಯಾವ ಅಧಿಕೃತ ವರದಿಯಲ್ಲೂ ಕಾಣಿಸಿಕೊಂಡಿರಲಿಲ್ಲ. ಇದನ್ನು ಸಾಮಾನ್ಯವಾಗಿ ಪರಿಸರ ಅಪರಾಧವೊಂದರ ಚರಿತ್ರೆಯಾಗಿ ಹೇಳಲಾಗುತ್ತದೆ, ಅದು ಸರಿಯೇ. ಆದರೆ ಈ ಪ್ರಕರಣದಲ್ಲಿ ಇನ್ನೊಂದು ನಷ್ಟವೂ ಇದೆ. ಸುಮಾರು ಅರ್ಧ ಶತಮಾನ ಕಾಲ ತಿಮಿಂಗಿಲ ವಿಜ್ಞಾನ ಈ ಅಂಕಿಗಳನ್ನೇ ನಂಬಿ ಲೆಕ್ಕ ಹಾಕಿತು, ಮಿತಿ ನಿಗದಿ ಮಾಡಿತು, ಯಾವ ಸಂತತಿ (ಒಂದು ಪ್ರದೇಶದ ತಿಮಿಂಗಿಲಗಳ ಗುಂಪು) ಎಷ್ಟು ಉಳಿದಿದೆ ಎಂದು ತೀರ್ಮಾನಿಸಿತು. ಆ ಜ್ಞಾನ ಹೇಗೆ ಕೆಟ್ಟಿತು, ಯಾರಿಂದಾಗಿ ಮತ್ತೆ ದಕ್ಕಿತು ಎಂಬುದೇ ಈ ಬರಹದ ಮುಖ್ಯ ವಿಷಯ.

ಯೋಜನೆಯ ಒತ್ತಡ

ಸೋವಿಯತ್ ಒಕ್ಕೂಟದ ಅಂಟಾರ್ಕ್ಟಿಕ್ ಬೇಟೆ ಆರಂಭವಾದದ್ದು 1946–47ರ ಋತುವಿನಲ್ಲಿ, ಕೊಂದ ತಿಮಿಂಗಿಲಗಳನ್ನು ಕಡಲಿನಲ್ಲೇ ಸಂಸ್ಕರಿಸುವ 'ಸ್ಲಾವಾ' ಎಂಬ ಕಾರ್ಖಾನೆ ಹಡಗಿನಿಂದ. ಅದು ಹಿಂದೆ 'ವಿಕಿಂಗರ್' ಎಂಬ ಹೆಸರಿನಲ್ಲಿ ಜರ್ಮನಿಯ ಒಡೆತನದಲ್ಲಿದ್ದ ಹಡಗು; ಯುದ್ಧದ ನಂತರ ಸೋವಿಯತ್ ಪಾಲಿಗೆ ಬಂದಿತ್ತು. ಹಲವು ವರ್ಷ ಅದೊಂದೇ ಇತ್ತು. 1959ರಲ್ಲಿ 'ಸೋವೆತ್ಸ್ಕಾಯಾ ಉಕ್ರಾಯಿನಾ', 1960ರಲ್ಲಿ 'ಯೂರಿ ದೊಲ್ಗೊರುಕಿ', 1961ರಲ್ಲಿ 'ಸೋವೆತ್ಸ್ಕಾಯಾ ರೊಸ್ಸಿಯಾ' ಅದರ ಜೊತೆ ಸೇರಿದವು. ಬೇರೆ ದೇಶಗಳು ತಿಮಿಂಗಿಲ ಸಿಗದೆ ಹಡಗುಗಳನ್ನು ಮಾರಲು ಹವಣಿಸುತ್ತಿದ್ದ ಕಾಲದಲ್ಲಿ ಸೋವಿಯತ್ ಒಕ್ಕೂಟ ಮಾತ್ರ ಜಗತ್ತಿನ ಅತಿದೊಡ್ಡ ಕಾರ್ಖಾನೆ ಹಡಗುಗಳನ್ನು ಹೊಸದಾಗಿ ಕಟ್ಟಿ ನೀರಿಗಿಳಿಸುತ್ತಿತ್ತು. ಪ್ರತಿ ಕಾರ್ಖಾನೆ ಹಡಗಿನ ಸುತ್ತ ಹಾರ್ಪೂನ್ ಫಿರಂಗಿ ಹೊತ್ತ ಚಿಕ್ಕ ಬೇಟೆ ಹಡಗುಗಳ ಒಂದು ದಂಡೇ ಇರುತ್ತಿತ್ತು.

ಅಂಟಾರ್ಕ್ಟಿಕ್ ಬೇಟೆಗೆ ಆಯೋಗ ಹಾಕಿದ್ದ ಮಿತಿಯನ್ನು 'ನೀಲಿ ತಿಮಿಂಗಿಲ ಘಟಕ' ಎಂಬ ಅಳತೆಯಲ್ಲಿ ಹೇಳಲಾಗುತ್ತಿತ್ತು. ಒಂದು ನೀಲಿ ತಿಮಿಂಗಿಲ ಒಂದು ಘಟಕ. ಎರಡು ಫಿನ್ ತಿಮಿಂಗಿಲ, ಇಲ್ಲವೇ ಎರಡೂವರೆ ಹಂಪ್‌ಬ್ಯಾಕ್, ಇಲ್ಲವೇ ಆರು ಸೇಯ್ ತಿಮಿಂಗಿಲ ಸೇರಿದರೂ ಒಂದು ಘಟಕ. ಎಷ್ಟು ಎಣ್ಣೆ ಸಿಗುತ್ತದೆ ಎಂಬುದರ ಮೇಲೆ ರೂಪಿಸಿದ ಈ ಅಳತೆಗೆ ಜಾತಿ ಯಾವುದು, ಅದು ಎಷ್ಟು ಅಪರೂಪದ್ದು ಎಂಬುದು ಲೆಕ್ಕಕ್ಕೇ ಇರಲಿಲ್ಲ. ಆರಂಭದಲ್ಲಿ ಎಲ್ಲ ದೇಶಗಳಿಗೂ ಸೇರಿ 16,000 ಘಟಕಗಳ ಮಿತಿ ಇತ್ತು. ಹಡಗುಗಳು ಪ್ರತಿ ವಾರ ಸಾಂಡೆಫ್ಯೋರ್ಡ್‌ಗೆ ಸಂಖ್ಯೆ ಕಳುಹಿಸುತ್ತಿದ್ದವು, ಮಿತಿ ಯಾವಾಗ ಮುಗಿಯುತ್ತದೆಂದು ಅಂದಾಜು ಮಾಡಿ ಕಚೇರಿ ಬೇಟೆ ನಿಲ್ಲಿಸುವ ದಿನವನ್ನು ಪ್ರಕಟಿಸುತ್ತಿತ್ತು. ಇಡೀ ನಿಯಂತ್ರಣ ನಿಂತಿದ್ದದ್ದು ಆ ವಾರದ ಸಂಖ್ಯೆಯ ಮೇಲೆ.

ಸೋವಿಯತ್ ಹಡಗಿಗೆ ನಿಜವಾದ ಯಜಮಾನ ಮಾತ್ರ ಬೇರೆಯೇ ಆಗಿತ್ತು. ಮೀನುಗಾರಿಕೆ ಇಲಾಖೆ ಪ್ರತಿ ಋತುವಿಗೂ ಉತ್ಪಾದನೆಯ ಗುರಿ ಕೊಡುತ್ತಿತ್ತು. ಗುರಿ ಮೀರಿದರೆ ನಾವಿಕರಿಗೆ ಬೋನಸ್, ಕ್ಯಾಪ್ಟನ್‌ಗಳಿಗೆ ಪದಕ ಮತ್ತು ಪ್ರಶಸ್ತಿ. 'ಸ್ಲಾವಾ' ಮತ್ತು 'ಸೋವೆತ್ಸ್ಕಾಯಾ ಉಕ್ರಾಯಿನಾ' ತಂಡಗಳನ್ನು ಮುನ್ನಡೆಸಿದ ಅಲೆಕ್ಸೇಯ್ ಸೊಲ್ಯಾನಿಕ್ ಸಮಾಜವಾದಿ ಶ್ರಮವೀರ ಎಂಬ ಬಿರುದು ಪಡೆದವರು. ಆದರೆ ಒಂದು ವರ್ಷ ಗುರಿ ಮೀರಿದರೆ ಮುಂದಿನ ವರ್ಷದ ಗುರಿ ಅಲ್ಲಿಂದಲೇ ಆರಂಭವಾಗುತ್ತಿತ್ತು, ಸಮುದ್ರದಲ್ಲಿ ತಿಮಿಂಗಿಲ ಹೆಚ್ಚಿದೆಯೋ ಕಡಿಮೆಯಾಗಿದೆಯೋ ಎಂಬ ಪ್ರಶ್ನೆಗೆ ಅಲ್ಲಿ ಜಾಗವಿರಲಿಲ್ಲ. ಕೊಂದದ್ದನ್ನೆಲ್ಲ ಬಳಸಿಕೊಂಡರೇ ಎಂದು ನೋಡಿದರೆ ಅದೂ ಇಲ್ಲ. ಬೇಟೆಯ ವೇಗಕ್ಕೆ ಹಡಗಿನ ಸಂಸ್ಕರಣೆ ಸರಿಹೊಂದದ ದಿನಗಳಲ್ಲಿ ಕೊಬ್ಬಿನ ಪದರ ಮಾತ್ರ ಸುಲಿದುಕೊಂಡು ಉಳಿದ ದೇಹವನ್ನು ಸಮುದ್ರಕ್ಕೇ ತಳ್ಳಲಾಗುತ್ತಿತ್ತು. ದುರಾಸೆ ಎಂದರೆ ಅದಕ್ಕೊಂದು ಲಾಭದ ಲೆಕ್ಕವಾದರೂ ಇರುತ್ತದೆ. ಇಲ್ಲಿ ಕಾಗದದ ಮೇಲಿನ ಗುರಿಗಾಗಿ ಸಾವಿರಾರು ಪ್ರಾಣಿಗಳು ಸತ್ತವು ಎಂಬುದನ್ನು ಓದುವಾಗ ನನಗೆ ಇಂದಿಗೂ ಸಂಕಟವಾಗುತ್ತದೆ.

ಡೆಕ್ಕಿನ ಮೇಲೆ

ಲೆಕ್ಕ ಎರಡಾಗಿ ಒಡೆಯುತ್ತಿದ್ದದ್ದು ಕಾರ್ಖಾನೆ ಹಡಗಿನ ಡೆಕ್ಕಿನ ಮೇಲೆಯೇ. ಸತ್ತ ತಿಮಿಂಗಿಲವನ್ನು ಹಿಂಬದಿಯ ಇಳಿಜಾರಿನಿಂದ ಮೇಲೆಳೆದ ಮೇಲೆ ಹಡಗಿನಲ್ಲಿದ್ದ ಜೀವವಿಜ್ಞಾನಿ ಮೂತಿಯ ತುದಿಯಿಂದ ಬಾಲದ ನಡುವಿನ ಕಚ್ಚಿನವರೆಗೆ ಟೇಪು ಹಿಡಿದು ಉದ್ದ ಅಳೆಯುತ್ತಿದ್ದ. ಗಂಡೋ ಹೆಣ್ಣೋ ನೋಡುತ್ತಿದ್ದ, ಹೆಣ್ಣಾದರೆ ಅಂಡಾಶಯ ತೆಗೆದು ಎಷ್ಟು ಸಲ ಅಂಡ ಬಿಡುಗಡೆಯಾಗಿದೆ ಎಂಬ ಗುರುತುಗಳನ್ನು ಎಣಿಸುತ್ತಿದ್ದ, ಗರ್ಭದಲ್ಲಿ ಮರಿಯಿದ್ದರೆ ಅದರ ಉದ್ದ ಬರೆದುಕೊಳ್ಳುತ್ತಿದ್ದ, ಹೊಟ್ಟೆ ಸೀಳಿ ಆಹಾರ ಏನೆಂದು ನೋಡುತ್ತಿದ್ದ. ಕತ್ತರಿಸುವವರು ಉದ್ದ ಹಿಡಿಕೆಯ ಕತ್ತಿ ಹಿಡಿದು ಪಕ್ಕದಲ್ಲೇ ಕಾಯುತ್ತಿರುವಾಗ, ರಕ್ತ ಮತ್ತು ಎಣ್ಣೆಯಿಂದ ಜಾರುವ ಹಲಗೆಗಳ ಮೇಲೆ ನಿಂತು ಈ ವಿಜ್ಞಾನಿಗಳು ಸಾವಿರಾರು ಪ್ರಾಣಿಗಳ ವಿವರವನ್ನು ಒಂದೊಂದಾಗಿ ದಾಖಲಿಸಿದರು. ಈ ದಾಖಲೆಗಳು ನಿಜವಾದವು.

ಸಾಂಡೆಫ್ಯೋರ್ಡ್‌ಗೆ ಹೋದದ್ದು ಇವಲ್ಲ. ನಿಷೇಧಿತ ಜಾತಿಯ ತಿಮಿಂಗಿಲಗಳನ್ನು ಅಧಿಕೃತ ಪಟ್ಟಿಯಿಂದ ಕೈಬಿಡಲಾಗುತ್ತಿತ್ತು ಅಥವಾ ಅನುಮತಿಯಿದ್ದ ಬೇರೆ ಜಾತಿಯ ಹೆಸರಿನಲ್ಲಿ ಸೇರಿಸಲಾಗುತ್ತಿತ್ತು. ಕನಿಷ್ಠ ಉದ್ದಕ್ಕಿಂತ ಚಿಕ್ಕದಾದ ಪ್ರಾಣಿಗಳಿಗೆ ಕಾಗದದ ಮೇಲೆ ಉದ್ದ ಬೆಳೆಯುತ್ತಿತ್ತು. ನಿಜವಾದ ಅಂಕಿಗಳು ರಾಜ್ಯರಹಸ್ಯ. ಹಡಗಿನಲ್ಲಿ ರಾಜ್ಯ ಭದ್ರತಾ ವಿಭಾಗದ ಕಣ್ಣು ಇರುತ್ತಿತ್ತು, ವಿಜ್ಞಾನಿಗಳು ಸತ್ಯವನ್ನು ಹೊರಗೆ ಹೇಳುವಂತಿರಲಿಲ್ಲ, ಪ್ರಕಟಿಸುವಂತಿರಲಿಲ್ಲ.

ಜಾತಿವಾರು ನೋಡಿದರೆ ಸುಳ್ಳಿನ ರೀತಿ ಸ್ಪಷ್ಟವಾಗುತ್ತದೆ. ದಕ್ಷಿಣ ಗೋಳಾರ್ಧದಲ್ಲಿ ಸೋವಿಯತ್ ಹಡಗುಗಳು 48,000ಕ್ಕೂ ಹೆಚ್ಚು ಹಂಪ್‌ಬ್ಯಾಕ್ ತಿಮಿಂಗಿಲಗಳನ್ನು ಕೊಂದು 2,710 ಎಂದು ವರದಿ ಮಾಡಿದವು. ಅಂದರೆ ಹದಿನೆಂಟರಲ್ಲಿ ಹೆಚ್ಚುಕಡಿಮೆ ಒಂದನ್ನು. ದಕ್ಷಿಣದ ರೈಟ್ ತಿಮಿಂಗಿಲಕ್ಕೆ 1935ರಿಂದಲೇ ಅಂತರರಾಷ್ಟ್ರೀಯ ರಕ್ಷಣೆ ಇತ್ತು. ಅವುಗಳಲ್ಲಿ 3,000ಕ್ಕೂ ಹೆಚ್ಚು ಸತ್ತವು, ವರದಿಯಲ್ಲಿ ಬಂದದ್ದು ನಾಲ್ಕು. ಚಿಕ್ಕ ಗಾತ್ರದ ಪಿಗ್ಮಿ ನೀಲಿ ತಿಮಿಂಗಿಲಗಳು 8,000ಕ್ಕೂ ಹೆಚ್ಚು. ಇದಕ್ಕೆ ತದ್ವಿರುದ್ಧವಾಗಿ ಫಿನ್ ತಿಮಿಂಗಿಲಗಳ ಬೇಟೆಯನ್ನು ನಿಜಕ್ಕಿಂತ ಸಾವಿರಾರು ಹೆಚ್ಚಾಗಿ ತೋರಿಸಲಾಗಿತ್ತು. ಫಿನ್ ಬೇಟೆಗೆ ಅನುಮತಿ ಇದ್ದುದರಿಂದ ಅಡಗಿಸಿದ ಬೇಟೆಗೆಲ್ಲ ಆ ಹೆಸರೇ ಮುಸುಕಾಯಿತು. ಕೇವಲ ಕಡಿಮೆ ಬರೆದಿದ್ದರೆ ಒಂದು ಗುಣಕದಿಂದ ತಿದ್ದಬಹುದಿತ್ತೇನೋ. ಒಂದು ಜಾತಿಯಲ್ಲಿ ಇಳಿಸಿ ಇನ್ನೊಂದರಲ್ಲಿ ಏರಿಸಿದ ಲೆಕ್ಕವನ್ನು ಮೂಲ ದಾಖಲೆಯಿಲ್ಲದೆ ತಿದ್ದಲು ದಾರಿಯೇ ಇಲ್ಲ.

ವಿವರಿಸಲಾಗದ ಕುಸಿತ

ಈ ಸುಳ್ಳಿನ ಅತಿ ದೊಡ್ಡ ಪೆಟ್ಟು ಬಿದ್ದದ್ದು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ ದಕ್ಷಿಣದ ಸಮುದ್ರದಲ್ಲಿ. 1959–60 ಮತ್ತು 1960–61ರ ಎರಡೇ ಋತುಗಳಲ್ಲಿ ಅಲ್ಲಿ ಸೋವಿಯತ್ ಹಡಗುಗಳು ಸುಮಾರು 25,000 ಹಂಪ್‌ಬ್ಯಾಕ್‌ಗಳನ್ನು ಕೊಂದವು. ಬೇಸಗೆಯಲ್ಲಿ ಅಂಟಾರ್ಕ್ಟಿಕ್ ಅಂಚಿನಲ್ಲಿ ಮೇಯುವ ಈ ತಿಮಿಂಗಿಲಗಳೇ ಚಳಿಗಾಲದಲ್ಲಿ ಮರಿ ಹಾಕಲು ಕ್ವೀನ್ಸ್‌ಲ್ಯಾಂಡ್, ನ್ಯೂ ಕ್ಯಾಲಡೋನಿಯ, ಟೋಂಗಾದ ಕಡೆ ಉತ್ತರಕ್ಕೆ ಹೋಗುವುದು. ಆ ದಾರಿಯ ಕರಾವಳಿಯಲ್ಲಿ ಆಸ್ಟ್ರೇಲಿಯಾದ ಟಂಗಲೂಮ, ಬೈರನ್ ಬೇಗಳಲ್ಲಿಯೂ ನ್ಯೂಜಿಲೆಂಡ್‌ನಲ್ಲಿಯೂ ಬೇಟೆ ಕೇಂದ್ರಗಳಿದ್ದವು. 1962ರ ಹೊತ್ತಿಗೆ ತಿಮಿಂಗಿಲಗಳು ಬರುವುದೇ ನಿಂತುಹೋದಂತಾಗಿ ಟಂಗಲೂಮ ಮತ್ತು ಬೈರನ್ ಬೇ ಎರಡೂ ಬಾಗಿಲು ಹಾಕಿದವು. ನ್ಯೂಜಿಲೆಂಡ್‌ನ ಕೊನೆಯ ಕೇಂದ್ರ 1964ರಲ್ಲಿ ಮುಚ್ಚಿತು. ಪೂರ್ವ ಆಸ್ಟ್ರೇಲಿಯಾದ ಸಂತತಿ ಕೆಲವು ನೂರಕ್ಕೆ ಇಳಿದಿತ್ತು. ಕರಾವಳಿಯ ಕೇಂದ್ರಗಳು ಮಿತಿಮೀರಿ ಬೇಟೆಯಾಡಿದ್ದವು ಎಂಬುದು ನಿಜವೇ, ಆದರೆ ಅವು ಹಿಡಿದ ಸಂಖ್ಯೆಯನ್ನೂ ಅಂಟಾರ್ಕ್ಟಿಕ್‌ನಿಂದ ವರದಿಯಾದ ಸಂಖ್ಯೆಯನ್ನೂ ಕೂಡಿಸಿದರೂ ಅಷ್ಟು ದಿಢೀರ್ ಕುಸಿತಕ್ಕೆ ಲೆಕ್ಕ ಹೊಂದುತ್ತಿರಲಿಲ್ಲ.

ಹೊಂದದ ಲೆಕ್ಕ ವಿಜ್ಞಾನದಲ್ಲಿ ಎಂಥ ತೊಡಕು ತರುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಸಂತತಿ ಬೇಟೆಗೆ ಮುಂಚೆ ಎಷ್ಟಿತ್ತು ಎಂದು ತಿಳಿಯಲು ವಿಜ್ಞಾನಿಗಳು ಇಂದಿನ ಸಂಖ್ಯೆಯಿಂದ ಹಿಂದಕ್ಕೆ ಹೋಗುತ್ತಾರೆ. ಪ್ರತಿ ವರ್ಷ ಹುಟ್ಟುವ ಪ್ರಮಾಣವನ್ನು ಗಣನೆಗೆ ತೆಗೆದುಕೊಂಡು, ಕೊಂದ ತಿಮಿಂಗಿಲಗಳನ್ನು ವರ್ಷವಾರು ಮರಳಿ ಸೇರಿಸುತ್ತಾ ಹೋಗುತ್ತಾರೆ. ಕೊಂದ ಸಂಖ್ಯೆ ಕಡಿಮೆಯೆಂದು ಬರೆದಿದ್ದರೆ ಮೂಲ ಸಂಖ್ಯೆಯೂ ಕಡಿಮೆಯೆಂದೇ ಉತ್ತರ ಬರುತ್ತದೆ. ಆಗ ಇಂದಿನ ಅಲ್ಪಸ್ವಲ್ಪ ಏರಿಕೆಯೂ ಪೂರ್ಣ ಚೇತರಿಕೆಯಂತೆ ತೋರುತ್ತದೆ, ಬೇಟೆಗೆ ಮತ್ತೆ ಅವಕಾಶ ಕೊಡಬಹುದೆಂಬ ವಾದಕ್ಕೆ ಬಲ ಬರುತ್ತದೆ. ಇಲ್ಲವೇ, ಸ್ವಲ್ಪವೇ ಬೇಟೆಯಾಡಿದರೂ ಸಂತತಿ ಕುಸಿದದ್ದು ಕಂಡರೆ, ಆ ಜಾತಿ ಬಹಳ ನಿಧಾನವಾಗಿ ಸಂತಾನ ಬೆಳೆಸುತ್ತದೆ ಅಥವಾ ಸಹಜ ಕಾರಣಗಳಿಂದಲೇ ಹೆಚ್ಚು ಸಾಯುತ್ತದೆ ಎಂಬ ತಪ್ಪು ಜೀವಶಾಸ್ತ್ರೀಯ ತೀರ್ಮಾನ ಹೊರಡುತ್ತದೆ. ಸುಳ್ಳು ಅಂಕಿ ಒಂದು ಕೋಷ್ಟಕದಲ್ಲಿ ನಿಲ್ಲದೆ ಜನನ, ಮರಣ, ವಲಸೆ ಎಲ್ಲದರ ಅಂದಾಜಿಗೂ ಹರಡಿತು.

ಈ ನಡುವೆ ತಪಾಸಣೆಯ ಪ್ರಶ್ನೆ ಬರದೇ ಇರಲಿಲ್ಲ. ಒಂದು ದೇಶದ ಹಡಗಿನಲ್ಲಿ ಇನ್ನೊಂದು ದೇಶದ ವೀಕ್ಷಕ ಇರಬೇಕೆಂಬ ಪ್ರಸ್ತಾವ 1950ರ ದಶಕದಲ್ಲೇ ಆಯೋಗದ ಮುಂದೆ ಬಂದಿತ್ತು. ಅದು ಜಾರಿಯಾದದ್ದು 1972ರಲ್ಲಿ. ಹೊರಗಿನ ವೀಕ್ಷಕರು ಹಡಗೇರಿದ ಮೇಲೆ ಅಂಟಾರ್ಕ್ಟಿಕ್‌ನಲ್ಲಿ ದೊಡ್ಡ ಪ್ರಮಾಣದ ಕಳ್ಳಬೇಟೆ ನಿಂತಿತು. ಈ ವಿಳಂಬಕ್ಕೆ ಸೋವಿಯತ್ ಒಕ್ಕೂಟವೊಂದನ್ನೇ ದೂರಿದರೆ ನ್ಯಾಯವಾಗದು. ಪನಾಮಾ ಧ್ವಜದಡಿ ಓಡುತ್ತಿದ್ದ, ಗ್ರೀಕ್ ಹಡಗು ಉದ್ಯಮಿ ಅರಿಸ್ಟಾಟಲ್ ಒನಾಸಿಸ್ ಅವರ 'ಒಲಿಂಪಿಕ್ ಚಾಲೆಂಜರ್' ಹಡಗಿನ ಅಕ್ರಮ ಬೇಟೆ 1950ರ ದಶಕದಲ್ಲೇ ಬಯಲಾಗಿತ್ತು. ಜಪಾನಿನ ಕರಾವಳಿ ಕೇಂದ್ರಗಳು ಸ್ಪರ್ಮ್ ತಿಮಿಂಗಿಲಗಳ ಅಂಕಿಗಳನ್ನು ತಿದ್ದಿದ್ದನ್ನು ಆ ದೇಶದ ವಿಜ್ಞಾನಿ ತೊಶಿಯೊ ಕಸುಯ ಅವರೇ ಮುಂದೆ ಬಹಿರಂಗಪಡಿಸಿದರು. ಆದರೆ ಇಡೀ ಸರ್ಕಾರಿ ಯಂತ್ರವೇ ಕೂತು, ದಶಕಗಳ ಕಾಲ, ಎಲ್ಲ ಸಾಗರಗಳಲ್ಲೂ ನಡೆಸಿದ ಸುಳ್ಳು ಇದೊಂದೇ.

ಉಳಿಸಿಟ್ಟವರು

1993ರ ನವೆಂಬರ್‌ನಲ್ಲಿ ಅಮೆರಿಕದ ಗ್ಯಾಲ್ವೆಸ್ಟನ್‌ನಲ್ಲಿ ನಡೆದ ಸಾಗರ ಸಸ್ತನಿ ವಿಜ್ಞಾನಿಗಳ ಸಮ್ಮೇಳನದಲ್ಲಿ ಅಲೆಕ್ಸೇಯ್ ಯಾಬ್ಲೊಕೊವ್ ಮಾತನಾಡಿದರು. ಸ್ವತಃ ತಿಮಿಂಗಿಲ ವಿಜ್ಞಾನಿಯಾಗಿದ್ದ ಅವರು ಆಗ ರಷ್ಯಾದ ಅಧ್ಯಕ್ಷ ಬೋರಿಸ್ ಯೆಲ್ಟ್ಸಿನ್ ಅವರ ಪರಿಸರ ಸಲಹೆಗಾರರು. ಸೋವಿಯತ್ ಬೇಟೆಯ ಅಂಕಿಗಳು ಸುಳ್ಳೆಂದು ಅವರು ಅಲ್ಲಿ ಹೇಳಿದ್ದು 1994ರ ಆರಂಭದಲ್ಲಿ 'ನೇಚರ್' ಪತ್ರಿಕೆಯಲ್ಲಿಯೂ ಪತ್ರರೂಪದಲ್ಲಿ ಪ್ರಕಟವಾಯಿತು.

ಹೇಳುವುದು ಒಂದು, ತೋರಿಸುವುದು ಇನ್ನೊಂದು. ತೋರಿಸಲು ಬೇಕಾದ ಕಾಗದಗಳು ಇದ್ದದ್ದು ಬೇರೆಯವರ ಬಳಿ. 'ಯೂರಿ ದೊಲ್ಗೊರುಕಿ'ಯಲ್ಲಿ ಕೆಲಸ ಮಾಡಿದ್ದ ದ್ಮಿತ್ರಿ ತೊರ್ಮೊಸೊವ್ ಹತ್ತಾರು ಸಾವಿರ ತಿಮಿಂಗಿಲಗಳ ಮೂಲ ದಾಖಲೆಗಳನ್ನು ನಾಶವಾಗದಂತೆ ತಮ್ಮ ಮನೆಯ ಆಲೂಗಡ್ಡೆ ಇಡುವ ನೆಲಮಾಳಿಗೆಯಲ್ಲಿ ಕಾಪಾಡಿಟ್ಟಿದ್ದರು. ಸಿಕ್ಕಿಬಿದ್ದಿದ್ದರೆ ಕೆಲಸ ಹೋಗುವುದಷ್ಟೇ ಆಗಿರಲಿಲ್ಲ. ವ್ಲಾದಿವೊಸ್ತೋಕ್‌ನ ತಿಮಿಂಗಿಲ ವಿಜ್ಞಾನಿ ಆಲ್ಫ್ರೆಡ್ ಬೆರ್ಜಿನ್ ತಾವು ಕಂಡದ್ದನ್ನೆಲ್ಲ ಬರೆದಿಟ್ಟು 1996ರಲ್ಲಿ ತೀರಿಕೊಂಡರು; ಆ ಬರಹ ಯೂಲಿಯಾ ಇವಾಶ್ಚೆಂಕೊ ಅವರ ಇಂಗ್ಲಿಷ್ ಅನುವಾದದಲ್ಲಿ 2008ರಲ್ಲಿ ಬೆಳಕು ಕಂಡಿತು. ವಿಜ್ಞಾನಿಗಳಾದ ವ್ಯಾಚೆಸ್ಲಾವ್ ಜೆಮ್ಸ್ಕಿ, ಯೂರಿ ಮಿಖಾಲೆವ್ ತಮ್ಮ ಬಳಿಯಿದ್ದ ದಾಖಲೆಗಳನ್ನು ಒದಗಿಸಿದರು. ಇವಾಶ್ಚೆಂಕೊ ಮತ್ತು ಫಿಲ್ ಕ್ಲಾಫಮ್ ರಷ್ಯಾದ ದಾಖಲೆ ಸಂಗ್ರಹಗಳಲ್ಲಿ ಉಳಿದಿದ್ದ ಹಳೆಯ ರಹಸ್ಯ ವರದಿಗಳನ್ನು ಹುಡುಕಿ ಉತ್ತರ ಪೆಸಿಫಿಕ್‌ನ ಲೆಕ್ಕವನ್ನು ಪುನಃ ಕಟ್ಟಿದರು. ಅಲಾಸ್ಕದ ಆಸುಪಾಸಿನಲ್ಲಿ ಇಂದು ಸುಮಾರು ಮೂವತ್ತೇ ಉಳಿದಿರುವ ರೈಟ್ ತಿಮಿಂಗಿಲಗಳು ಏಕೆ ಚೇತರಿಸಿಕೊಳ್ಳಲಿಲ್ಲ ಎಂಬುದಕ್ಕೆ ಉತ್ತರ ಅಲ್ಲಿ ಸಿಕ್ಕಿತು: 1960ರ ದಶಕದ ಕೆಲವೇ ವರ್ಷಗಳಲ್ಲಿ ಅವುಗಳಲ್ಲಿ ನೂರಾರನ್ನು ಗುಟ್ಟಾಗಿ ಮುಗಿಸಲಾಗಿತ್ತು.

ಈ ವಿಜ್ಞಾನಿಗಳನ್ನು ಅಪರಾಧದ ಪಾಲುದಾರರೆಂದು ಕರೆದವರಿದ್ದಾರೆ. ಅವರು ಆ ಹಡಗುಗಳಲ್ಲಿದ್ದರು, ಸಂಬಳ ಪಡೆದರು, ಬಹುಕಾಲ ಸುಮ್ಮನಿದ್ದರು ಎಂಬುದು ನಿಜ. ಆದರೂ ಅವರಲ್ಲಿ ಹಲವರು ಇಲಾಖೆಗೆ ಎಚ್ಚರಿಕೆ ಕೊಟ್ಟಿದ್ದರು, ಮತ್ತು ಬಾಯಿ ಬಿಡಲಾಗದ ಕಾಲದಲ್ಲೂ ಅಳತೆಯಲ್ಲಿ ಸುಳ್ಳು ಬರೆಯಲಿಲ್ಲ. ಅಧಿಕೃತ ವರದಿ ಕೆಟ್ಟರೂ ಪ್ರತಿ ಪ್ರಾಣಿಯ ಮೂಲ ದಾಖಲೆ ಉಳಿದಿದ್ದರಿಂದಲೇ ಆಯೋಗದ ವೈಜ್ಞಾನಿಕ ಸಮಿತಿಗೆ ತನ್ನ ಬೇಟೆಯ ದತ್ತಾಂಶವನ್ನು ತಿದ್ದಲು ಸಾಧ್ಯವಾಯಿತು. ರಾಷ್ಟ್ರೀಯ ವರದಿಯ ಬಗ್ಗೆ ಇಂದು ಚರ್ಚೆ ಬಂದಾಗಲೆಲ್ಲ ನಾನು ಒತ್ತಿ ಹೇಳುವುದು ಇದನ್ನೇ: ಒಟ್ಟು ಸಂಖ್ಯೆ ಮಾತ್ರ ಸಲ್ಲಿಸಿದ ವರದಿಯನ್ನು ಯಾರೂ ಪರೀಕ್ಷಿಸಲಾರರು, ಬಿಡಿ ದಾಖಲೆ ಇದ್ದರೆ ಮಾತ್ರ ಸುಳ್ಳೂ ಸಿಗುತ್ತದೆ, ಪ್ರಾಮಾಣಿಕ ತಪ್ಪೂ ಸಿಗುತ್ತದೆ.

ಅರಬ್ಬೀ ಸಮುದ್ರದ 242

ನಮ್ಮ ಕಡಲಿಗೂ ಈ ಪ್ರಕರಣಕ್ಕೂ ನೇರ ಸಂಬಂಧವಿದೆ. ಕಾರ್ಖಾನೆ ಹಡಗುಗಳು ಹಿಂದೂ ಮಹಾಸಾಗರದಲ್ಲಿ 40 ಡಿಗ್ರಿ ದಕ್ಷಿಣ ಅಕ್ಷಾಂಶಕ್ಕಿಂತ ಉತ್ತರಕ್ಕೆ ಬಂದು ಹಂಪ್‌ಬ್ಯಾಕ್, ನೀಲಿ ತಿಮಿಂಗಿಲಗಳಂಥವನ್ನು ಬೇಟೆಯಾಡುವಂತಿರಲಿಲ್ಲ. ಆದರೂ ಅಂಟಾರ್ಕ್ಟಿಕ್‌ಗೆ ಹೋಗುವ ದಾರಿಯಲ್ಲಿ ಸೋವಿಯತ್ ತಂಡಗಳು ಅರಬ್ಬೀ ಸಮುದ್ರವನ್ನು ಹೊಕ್ಕವು. ಒಮಾನ್, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಕರಾವಳಿಯಾಚೆ ಅವು 242 ಹಂಪ್‌ಬ್ಯಾಕ್‌ಗಳನ್ನು ಕೊಂದವು. ಅವುಗಳಲ್ಲಿ ಬಹುಪಾಲು ಸತ್ತದ್ದು 1966ರ ನವೆಂಬರ್ ಒಂದೇ ತಿಂಗಳಲ್ಲಿ. 1963ರಿಂದ 1966ರ ಅವಧಿಯಲ್ಲಿ ಉತ್ತರ ಹಿಂದೂ ಮಹಾಸಾಗರದಲ್ಲಿ ಸತ್ತ ಪಿಗ್ಮಿ ನೀಲಿ ತಿಮಿಂಗಿಲಗಳು ಸಾವಿರಕ್ಕೂ ಹೆಚ್ಚು. ಇವು ಯಾವುವೂ ಆಗ ವರದಿಯಾಗಲಿಲ್ಲ.

ಹಡಗಿನಲ್ಲಿದ್ದ ಮಿಖಾಲೆವ್ ಮಾಡಿದ್ದ ಅಳತೆಗಳು 1997ರಲ್ಲಿ ಪ್ರಕಟವಾದಾಗ ವಿಜ್ಞಾನಿಗಳು ಬೆರಗಾದರು. ಹಂಪ್‌ಬ್ಯಾಕ್‌ಗಳೆಂದರೆ ತಂಪು ನೀರಿನಲ್ಲಿ ಮೇದು, ಬೆಚ್ಚನೆಯ ನೀರಿಗೆ ಮರಿ ಹಾಕಲು ಬಂದು, ಅಲ್ಲಿ ಬಹುತೇಕ ಉಪವಾಸ ಇರುವ ದೂರವಲಸೆಯ ಪ್ರಾಣಿಗಳು. ಅರಬ್ಬೀ ಸಮುದ್ರದಲ್ಲಿ ಕೊಂದವುಗಳ ಹೊಟ್ಟೆಯಲ್ಲಿ ಮೀನೂ ಸೀಗಡಿಯಂಥ ಕ್ರಿಲ್ಲೂ ತುಂಬಿದ್ದವು. ಗರ್ಭದಲ್ಲಿದ್ದ ಮರಿಗಳ ಉದ್ದ ನೋಡಿದರೆ ಅವುಗಳ ಸಂತಾನದ ಋತು ಉತ್ತರ ಗೋಳಾರ್ಧದ್ದು. ದಕ್ಷಿಣದಿಂದ ಬಂದವಾಗಿದ್ದರೆ ಅರ್ಧ ವರ್ಷದ ವ್ಯತ್ಯಾಸ ಕಾಣಬೇಕಿತ್ತು. ಎಲ್ಲಿಗೂ ವಲಸೆ ಹೋಗದೆ ಇದೇ ಸಮುದ್ರದಲ್ಲಿ ಮೇಯುತ್ತಾ ಇಲ್ಲೇ ಮರಿ ಹಾಕುವ ಪ್ರತ್ಯೇಕ ಸಂತತಿ ಇದು ಎಂಬುದಕ್ಕೆ ಸಿಕ್ಕ ಗಟ್ಟಿ ಪುರಾವೆ ಹೀಗೆ ಅಕ್ರಮ ಬೇಟೆಯ ಗುಟ್ಟಿನ ದಾಖಲೆಯೊಳಗೆ ಮೂವತ್ತು ವರ್ಷ ಹೂತುಹೋಗಿತ್ತು. 1966ರಲ್ಲೇ ಅದು ಗೊತ್ತಾಗಿದ್ದರೆ ಈ ತಿಮಿಂಗಿಲಗಳ ಬಗ್ಗೆ ಸಮೀಕ್ಷೆ ಮೂರು ದಶಕ ಮುಂಚೆಯೇ ಆರಂಭವಾಗಬಹುದಿತ್ತು.

ಬಾಲದ ಅಡಿಭಾಗದ ಗುರುತುಗಳ ಛಾಯಾಚಿತ್ರಗಳನ್ನು ಹೋಲಿಸಿ ಒಮಾನ್ ಕರಾವಳಿಯಲ್ಲಿ ಮಾಡಿದ ಅಂದಾಜು, 2011ರಲ್ಲಿ ಪ್ರಕಟವಾದದ್ದು, ಉಳಿದಿರುವುದು ಸುಮಾರು 82 ಎಂದಿತು. 2008ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಈ ಸಂತತಿಯನ್ನು ಅಪಾಯದಂಚಿನಲ್ಲಿರುವುದೆಂದು ಪಟ್ಟಿ ಮಾಡಿತ್ತು. 2017ರಲ್ಲಿ ಒಮಾನ್‌ನಲ್ಲಿ ಉಪಗ್ರಹ ಸಾಧನ ಅಳವಡಿಸಿದ 'ಲುಬಾನ್' ಎಂಬ ಹೆಣ್ಣು ಹಂಪ್‌ಬ್ಯಾಕ್ ಸಮುದ್ರವನ್ನು ಅಡ್ಡ ಹಾಯ್ದು ಭಾರತದ ಪಶ್ಚಿಮ ಕರಾವಳಿಗೆ ಬಂದು ದಕ್ಷಿಣದ ತುದಿಯವರೆಗೂ ಹೋಯಿತು. ಆಗ್ನೇಯ ಅರಬ್ಬೀ ಸಮುದ್ರದಲ್ಲಿ ನೀರಿನಡಿಯ ಧ್ವನಿಗ್ರಾಹಕಗಳು ಹಿಡಿದ ಹಂಪ್‌ಬ್ಯಾಕ್ ಹಾಡುಗಳನ್ನು ಭಾರತೀಯ ವಿಜ್ಞಾನಿಗಳು 2015ರಲ್ಲಿ ವರದಿ ಮಾಡಿದ್ದಾರೆ. ಅಂದರೆ ಕಾರವಾರ, ಮಲ್ಪೆಯ ದೋಣಿಗಳು ಮೀನು ಹಿಡಿಯುವ ಸಮುದ್ರವೂ ಇವುಗಳ ಓಡಾಟದ ಎಲ್ಲೆಯೊಳಗಿದೆ.

ಇಂದು ಆಯೋಗದ ವೈಜ್ಞಾನಿಕ ಸಮಿತಿಗೆ ದೇಶಗಳು ಸಲ್ಲಿಸುವ ವಾರ್ಷಿಕ ಪ್ರಗತಿ ವರದಿಯಲ್ಲಿ ಬಲೆಗೆ ಸಿಕ್ಕಿದ್ದು, ಹಡಗು ಬಡಿದದ್ದು, ದಡಕ್ಕೆ ಬಂದು ಬಿದ್ದದ್ದು, ಛಾಯಾಚಿತ್ರ ತೆಗೆದದ್ದು, ಚರ್ಮದ ಮಾದರಿ ಪಡೆದದ್ದು ಇಂಥವಕ್ಕೆಲ್ಲ ಬೇರೆ ಬೇರೆ ಅಂಕಣಗಳಿವೆ. ಭಾರತ 1981ರಿಂದ ಆಯೋಗದ ಸದಸ್ಯ. ನಮ್ಮಲ್ಲಿ ಅಂಕಣ ಖಾಲಿ ಬೀಳುವ ಕಾರಣ ಸೋವಿಯತ್ ಕಾಲದ್ದಲ್ಲ. ಬಲೆಗೆ ಸಿಕ್ಕ ಡಾಲ್ಫಿನ್ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ ಎಂದು ತಿಳಿದ ಮೀನುಗಾರ, ಕೇಸು ಮೈಮೇಲೆ ಬಂದೀತೆಂಬ ಹೆದರಿಕೆಯಲ್ಲಿ ಅದನ್ನು ಸಮುದ್ರಕ್ಕೇ ಬಿಟ್ಟು ಬರುತ್ತಾನೆ. ಯಾವ ಸರ್ಕಾರವೂ ಇಲ್ಲಿ ಸುಳ್ಳು ಬರೆಯುತ್ತಿಲ್ಲ. ಬರೆಯಬೇಕಾದದ್ದು ದಡವನ್ನೇ ಮುಟ್ಟುತ್ತಿಲ್ಲ. ಬಲೆಗೆ ಸಿಕ್ಕದ್ದನ್ನು ತಾನಾಗಿ ತಿಳಿಸಿದ ಮೀನುಗಾರನ ಮೇಲೆ ಪ್ರಕರಣ ಹೂಡುವುದಿಲ್ಲ ಎಂಬ ಲಿಖಿತ ಭರವಸೆ, ಪ್ರಾಣಿಯ ಉದ್ದ, ಲಿಂಗ, ಸ್ಥಳ, ಬಲೆಯ ಬಗೆ ಬರೆಯಲು ಮೀನುಗಾರಿಕೆ ಬಂದರಿನಲ್ಲೇ ಸಿಗುವ ಒಂದು ಚೀಟಿ, ಆ ಚೀಟಿಗಳ ಪ್ರತಿಯನ್ನು ಇಲಾಖೆಯ ಹೊರಗಿನ ಸಂಶೋಧಕರೂ ನೋಡುವಂತೆ ಇಡುವ ಏರ್ಪಾಡು ಬೇಕು. ಅರಬ್ಬೀ ಸಮುದ್ರದ ಹಂಪ್‌ಬ್ಯಾಕ್‌ಗಳ ಆಹಾರ, ಗರ್ಭ, ದೇಹದ ಅಳತೆಗಳ ವಿಷಯದಲ್ಲಿ 1966ರ ಆ ಕೊಲೆಯ ದಾಖಲೆಯಷ್ಟು ವಿಸ್ತಾರವಾದ ಮಾಹಿತಿ ಇನ್ನೊಂದಿಲ್ಲ. ಅದಕ್ಕೆ ಇನ್ನು ಮುಂದೆ ಏನಾದರೂ ಸೇರುವುದಿದ್ದರೆ ಅದು ಈ ಕರಾವಳಿಗಳಿಂದ ಬರುವ ಇಂಥ ಬಿಡಿ ದಾಖಲೆಗಳಿಂದ, ಛಾಯಾಚಿತ್ರಗಳಿಂದ, ದಡಕ್ಕೆ ಬಿದ್ದ ದೇಹಗಳ ಅಳತೆಗಳಿಂದಲೇ ಸೇರಬೇಕು.